ರಿಮೋಟ್ ಡೆಸ್ಕ್‌ಟಾಪ್: ಸಂಪರ್ಕದ ದೋಷಗಳು ಮತ್ತು ಅವುಗಳ ಪತ್ತೆ

ರಿಮೋಟ್ ಡೆಸ್ಕ್‌ಟಾಪ್ ಎಂದರೆ ದೂರದ ಕಂಪ್ಯೂಟರಿನ ಪರದೆಯನ್ನು ನಮ್ಮೆದುರಿನ ಪರದೆಯ ಮೇಲೆ ತಂದುಕೊಂಡು, ನಮ್ಮ ಕೀಲಿಮಣೆ ಮತ್ತು ಮೌಸ್‌ನಿಂದಲೇ ಅದನ್ನು ನಡೆಸುವ ಏರ್ಪಾಡು. ಹಾಸನದ ಅಂಗಡಿಯ ಲೆಕ್ಕದ ತಂತ್ರಾಂಶವನ್ನು ಬೆಂಗಳೂರಿನ ತಂತ್ರಜ್ಞ ಸರಿಪಡಿಸುವುದು, ಅಮೆರಿಕದಲ್ಲಿರುವ ಮಗಳು ಶಿವಮೊಗ್ಗದ ಅಪ್ಪನ ಲ್ಯಾಪ್‌ಟಾಪಿನಲ್ಲಿ ಅರ್ಜಿ ತುಂಬಿಕೊಡುವುದು, ನೌಕರರು ಮನೆಯಿಂದ ಕಚೇರಿಯ ಕಂಪ್ಯೂಟರಿಗೆ ಲಾಗಿನ್ ಆಗುವುದು, ಎಲ್ಲವೂ ಇದರ ಬಗೆಗಳೇ. ಈ ಲೇಖನದಲ್ಲಿ ಬಳಕೆದಾರರು ಕೂತಿರುವ ಕಂಪ್ಯೂಟರನ್ನು ಈಚೆ ಯಂತ್ರವೆಂದೂ, ನಿಯಂತ್ರಣಕ್ಕೆ ಒಳಗಾಗುವ ಕಂಪ್ಯೂಟರನ್ನು ಆಚೆ ಯಂತ್ರವೆಂದೂ ಕರೆಯಲಾಗಿದೆ.

‘ಕನೆಕ್ಟ್ ಆಗ್ತಿಲ್ಲ’ ಎಂಬ ಒಂದೇ ದೂರಿನ ಹಿಂದೆ ಹತ್ತಾರು ಕಾರಣಗಳಿರಬಹುದು. ಕ್ಲಿಕ್ ಮಾಡಿದ ಕ್ಷಣದಿಂದ ಪರದೆ ಮೂಡುವವರೆಗೆ ಒಂದರ ಹಿಂದೆ ಒಂದು ಕೆಲಸ ನಡೆಯಬೇಕು. ಹೆಸರಿಗೆ ವಿಳಾಸ ಸಿಗಬೇಕು, ಆ ವಿಳಾಸಕ್ಕೆ ದಾರಿ ಇರಬೇಕು, ನಡುವಿನ ಫೈರ್‌ವಾಲ್‌ಗಳು ಬಿಡಬೇಕು, ಆಚೆ ಯಂತ್ರ ಎಚ್ಚರವಾಗಿರಬೇಕು, ಅದರ ಸೇವೆ ಕರೆಗೆ ಓಗೊಡಬೇಕು, ಗೂಢಲಿಪೀಕರಣದ ಬಗ್ಗೆ ಎರಡೂ ಕಡೆ ಒಪ್ಪಂದವಾಗಬೇಕು, ಬಂದವರ ಗುರುತು ಸಾಬೀತಾಗಬೇಕು, ಆಮೇಲಷ್ಟೇ ಪರದೆಯ ಚಿತ್ರ ಹರಿದುಬರುತ್ತದೆ. ತೆರೆಯ ಮೇಲಿನ ದೋಷಸಂದೇಶ ಈ ಹಂತಗಳನ್ನು ಬಿಡಿಸಿ ಹೇಳುವುದಿಲ್ಲ. ವಿಂಡೋಸ್‌ನ ಅತಿ ಪರಿಚಿತ ಸಂದೇಶ ಮೂರು ಸಾಧ್ಯತೆಗಳನ್ನು ಒಟ್ಟಿಗೆ ಮುಂದಿಡುತ್ತದೆ: ಆಚೆ ರಿಮೋಟ್ ಸೌಲಭ್ಯ ಆಫ್ ಆಗಿರಬಹುದು, ಯಂತ್ರವೇ ಆಫ್ ಆಗಿರಬಹುದು, ಅಥವಾ ಅದು ಜಾಲದಲ್ಲಿ ಇಲ್ಲದಿರಬಹುದು. ಸಂದೇಶವನ್ನು ನಂಬಿ ಸಿಕ್ಕ ಪರಿಹಾರಗಳನ್ನೆಲ್ಲ ಒಂದೊಂದಾಗಿ ಪ್ರಯೋಗಿಸುವುದರಲ್ಲಿ ದಿನ ಕಳೆದುಹೋಗುತ್ತದೆ. ಕೆಲಸ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಮೊದಲು ಗುರುತಿಸಿದರೆ ಪರಿಹಾರ ಬಹುಮಟ್ಟಿಗೆ ತಾನಾಗಿ ತಿಳಿಯುತ್ತದೆ. ಈ ಲೇಖನದ ವಿವರಣೆಯೂ ಅದೇ ಕ್ರಮದಲ್ಲಿದೆ.

ಹಿನ್ನೆಲೆ

ಪರದೆಯನ್ನು ಜಾಲದ ಮೂಲಕ ಸಾಗಿಸುವ ಮೊದಲ ಪ್ರಯತ್ನಗಳಲ್ಲಿ ಮುಖ್ಯವಾದದ್ದು ಎಕ್ಸ್ ವಿಂಡೋ ವ್ಯವಸ್ಥೆ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಇದನ್ನು ಆರಂಭಿಸಿದರು. ‘ಇಲ್ಲಿ ಗೆರೆ ಎಳೆ, ಇಲ್ಲಿ ಅಕ್ಷರ ಬರೆ’ ಎಂಬಂಥ ಆಜ್ಞೆಗಳನ್ನು ಕಳುಹಿಸುವುದು ಅದರ ವಿಧಾನ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ವಿಎನ್‌ಸಿ ಬೇರೆ ಹಾದಿ ಹಿಡಿಯಿತು. ಆಜ್ಞೆಗಳ ಗೊಡವೆಯೇ ಇಲ್ಲದೆ, ಪರದೆಯಲ್ಲಿ ಬದಲಾದ ಭಾಗದ ಚಿತ್ರಬಿಂದುಗಳನ್ನೇ ಅದು ರವಾನಿಸುತ್ತದೆ. ಸರಳವಾದ್ದರಿಂದ ಯಾವ ಯಂತ್ರದಲ್ಲೂ ನಡೆಯುತ್ತದೆ, ಆದರೆ ಜಾಲದ ಮೇಲಿನ ಹೊರೆ ಹೆಚ್ಚು. ಮೈಕ್ರೋಸಾಫ್ಟ್‌ನ ಆರ್‌ಡಿಪಿ 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಡನೆ ಬಂತು. 2001ರ ವಿಂಡೋಸ್ ಎಕ್ಸ್‌ಪಿ ಪ್ರೊಫೆಷನಲ್ ಅದನ್ನು ಸಾಮಾನ್ಯ ಕಚೇರಿಗಳ ಮೇಜಿಗೂ ತಲುಪಿಸಿತು.

ಇವುಗಳೆಲ್ಲದರಲ್ಲಿ ಒಂದು ಯಂತ್ರ ಇನ್ನೊಂದರ ವಿಳಾಸಕ್ಕೆ ನೇರವಾಗಿ ಹೋಗಬೇಕಿತ್ತು. 2005ರಲ್ಲಿ ಜರ್ಮನಿಯಿಂದ ಬಂದ ಟೀಮ್‌ವ್ಯೂವರ್, 2014ರಲ್ಲಿ ಅಲ್ಲಿಂದಲೇ ಬಂದ ಎನಿಡೆಸ್ಕ್, ಈಚಿನ ಮುಕ್ತ ತಂತ್ರಾಂಶ ರಸ್ಟ್‌ಡೆಸ್ಕ್ ಇವು ನಡುವೆ ಒಂದು ಮಧ್ಯಸ್ಥ ಸರ್ವರ್ ಇಟ್ಟುಕೊಂಡವು. ಎರಡೂ ಯಂತ್ರಗಳು ತಾವಾಗಿಯೇ ಹೊರಗಿನ ಸರ್ವರಿಗೆ ಸಂಪರ್ಕ ತೆರೆದಿಟ್ಟಿರುತ್ತವೆ. ಆಚೆ ಯಂತ್ರದ ಗುರುತಿನ ಸಂಖ್ಯೆಯನ್ನು ಹೇಳಿದರೆ ಸರ್ವರ್ ಇಬ್ಬರನ್ನೂ ಜೋಡಿಸುತ್ತದೆ. ನೇರ ಸಂಪರ್ಕ ಮತ್ತು ಮಧ್ಯಸ್ಥ ಸಂಪರ್ಕ ಎಂಬ ಈ ಭೇದ ದೋಷಪತ್ತೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ. ಮೊದಲನೆಯದರಲ್ಲಿ ತೊಂದರೆ ಸಾಮಾನ್ಯವಾಗಿ ಆಚೆ ಯಂತ್ರಕ್ಕೆ ಒಳಬರುವ ದಾರಿಯಲ್ಲಿ, ಎರಡನೆಯದರಲ್ಲಿ ಯಾವುದಾದರೂ ಯಂತ್ರದಿಂದ ಹೊರಹೋಗುವ ದಾರಿಯಲ್ಲಿ.

ವಿಳಾಸ ಮತ್ತು ದಾರಿ

ನೇರ ಸಂಪರ್ಕಕ್ಕೆ ಆಚೆ ಯಂತ್ರದ ಐಪಿ ವಿಳಾಸ ಬೇಕು. ಹೆಸರು ಕೊಟ್ಟಾಗ ವಿಫಲವಾಗಿ, ಅದೇ ಯಂತ್ರದ ಅಂಕಿಯ ವಿಳಾಸ ಕೊಟ್ಟಾಗ ಕೆಲಸವಾದರೆ ದೋಷ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನಲ್ಲಿದೆ. ಎನ್‌ಎಸ್‌ಲುಕಪ್ ಎಂಬ ಆಜ್ಞೆ ಆ ಹೆಸರಿಗೆ ಯಾವ ವಿಳಾಸ ಸಿಗುತ್ತಿದೆ ಎಂದು ತೋರಿಸುತ್ತದೆ. ಹಳೆಯ ವಿಳಾಸವೇ ಉಳಿದಿರುವುದು ಸಾಮಾನ್ಯ. ರೌಟರ್ ರೀಸ್ಟಾರ್ಟ್ ಆದ ಮರುದಿನ ಸಂಪರ್ಕ ತಪ್ಪಿತೆಂದರೆ ಆಚೆ ಯಂತ್ರಕ್ಕೆ ಬೇರೆ ವಿಳಾಸ ಸಿಕ್ಕಿರುವ ಸಂಭವವೇ ಹೆಚ್ಚು. ಆ ಯಂತ್ರಕ್ಕೆ ಒಂದೇ ವಿಳಾಸ ಸಿಗುವಂತೆ ರೌಟರಿನಲ್ಲಿ ಕಾಯ್ದಿರಿಸುವುದು ಇದಕ್ಕೆ ಶಾಶ್ವತ ಪರಿಹಾರ. ವಿಳಾಸ 169.254 ಎಂದು ಆರಂಭವಾಗಿದ್ದರೆ ಆ ಯಂತ್ರಕ್ಕೆ ರೌಟರಿನಿಂದ ವಿಳಾಸವೇ ಸಿಕ್ಕಿಲ್ಲವೆಂದು ಅರ್ಥ. ಕೇಬಲ್ಲು, ವೈಫೈ, ರೌಟರ್ ಇವನ್ನು ನೋಡದೆ ಮುಂದೆ ಹೋಗಿ ಪ್ರಯೋಜನವಿಲ್ಲ.

ಅಂತರ್ಜಾಲದಲ್ಲಿ ವಿಳಾಸಗಳ ಕೊರತೆ ತಲೆದೋರಿದಾಗ 1994ರಲ್ಲಿ ನ್ಯಾಟ್ ಎಂಬ ಉಪಾಯವನ್ನು ಮುಂದಿಡಲಾಯಿತು. ಮನೆಯ ಎಲ್ಲ ಸಾಧನಗಳೂ ರೌಟರಿನ ಒಂದೇ ಹೊರವಿಳಾಸವನ್ನು ಹಂಚಿಕೊಳ್ಳುತ್ತವೆ, ಒಳಗೆ 192.168 ಅಥವಾ 10 ಎಂದು ಆರಂಭವಾಗುವ ಖಾಸಗಿ ವಿಳಾಸಗಳಿರುತ್ತವೆ. ಒಳಗಿನವರು ಹೊರಗೆ ಹೋಗಲು ಅಡ್ಡಿಯಿಲ್ಲ. ಹೊರಗಿನಿಂದ ತಾನಾಗಿ ಬಂದ ಕರೆಯನ್ನು ಯಾವ ಸಾಧನಕ್ಕೆ ಕೊಡಬೇಕೆಂದು ಮಾತ್ರ ರೌಟರಿಗೆ ತಿಳಿಯುವುದಿಲ್ಲ. ‘ಮನೆಯೊಳಗೆ ಕನೆಕ್ಟ್ ಆಗುತ್ತದೆ, ಹೊರಗಿನಿಂದ ಆಗುವುದಿಲ್ಲ’ ಎಂಬ ದೂರಿಗೆ ಇದೇ ಮೂಲ. ಒಂದು ಪೋರ್ಟಿಗೆ (ಸೇವೆಯ ಸಂಖ್ಯೆಗೆ) ಬಂದ ಕರೆಯನ್ನು ಇಂಥ ಸಾಧನಕ್ಕೇ ಕೊಡು ಎಂದು ರೌಟರಿಗೆ ಮೊದಲೇ ಹೇಳಿಡುವ ಪೋರ್ಟ್ ಫಾರ್ವರ್ಡಿಂಗ್ ಎಂಬ ಹಳೆಯ ಪರಿಹಾರದ ಅಪಾಯವನ್ನು ಮುಂದೆ ವಿವರಿಸಲಾಗಿದೆ.

ಭಾರತದ ಮೊಬೈಲ್ ಜಾಲಗಳಲ್ಲೂ ಅನೇಕ ಮನೆ ಫೈಬರ್ ಸಂಪರ್ಕಗಳಲ್ಲೂ ಇದರ ಮೇಲೆ ಇನ್ನೊಂದು ಪದರವಿರುತ್ತದೆ. ಸೇವಾ ಸಂಸ್ಥೆಯೇ ತನ್ನ ಸಾವಿರಾರು ಗ್ರಾಹಕರನ್ನು ಕೆಲವೇ ಹೊರವಿಳಾಸಗಳ ಹಿಂದೆ ಇರಿಸಿರುತ್ತದೆ. ಇದಕ್ಕೆ ಸಿಜಿನ್ಯಾಟ್ ಎಂದು ಹೆಸರು. ಇದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಕಾಯ್ದಿರಿಸಲಾಯಿತು. ಪತ್ತೆ ಸುಲಭ: ರೌಟರಿನ ಪುಟದಲ್ಲಿ ಕಾಣುವ ಹೊರವಿಳಾಸಕ್ಕೂ, ನಮ್ಮ ವಿಳಾಸ ಯಾವುದೆಂದು ಹೊರಗಿನ ಜಾಲತಾಣ ತೋರಿಸುವುದಕ್ಕೂ ವ್ಯತ್ಯಾಸವಿದ್ದರೆ ನಡುವೆ ಇನ್ನೊಂದು ನ್ಯಾಟ್ ಇದೆ. ಆಗ ನಮ್ಮ ರೌಟರಿನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ಇದನ್ನು ತಿಳಿಯದೆ ರೌಟರಿನ ಸೆಟ್ಟಿಂಗ್‌ಗಳಲ್ಲಿ ಸಂಜೆಗಳನ್ನೇ ಕಳೆಯುವವರು ಬಹಳ ಮಂದಿ. ಹೆಚ್ಚಿನ ಹಣ ತೆತ್ತು ಸ್ಥಿರ ಸಾರ್ವಜನಿಕ ವಿಳಾಸ ಪಡೆಯುವುದು, ಐಪಿವಿ6 ಬಳಸುವುದು, ಅಥವಾ ದೂರದ ಜಾಲಕ್ಕೆ ಗೂಢಲಿಪಿಯ ಸುರಂಗ ತೆರೆಯುವ ವಿಪಿಎನ್ ಇಲ್ಲವೇ ಮಧ್ಯಸ್ಥ ಸರ್ವರಿನ ಮೊರೆಹೋಗುವುದು ಉಳಿದ ದಾರಿಗಳು.

ವಿಪಿಎನ್ ಬಳಸುವವರನ್ನು ಕಾಡುವ ಒಂದು ದೋಷವನ್ನು ಇಲ್ಲಿ ಬಿಡಿಸಿ ನೋಡುವುದು ಒಳ್ಳೆಯದು, ಏಕೆಂದರೆ ಅದು ಮೇಲ್ನೋಟಕ್ಕೆ ಕಾಣುವುದೇ ಇಲ್ಲ. ಕಚೇರಿಯ ಜಾಲದ ವಿಳಾಸಗಳು 192.168.1ರಿಂದ ಆರಂಭವಾಗುತ್ತವೆ, ನೌಕರನ ಮನೆಯ ರೌಟರ್ ಕೂಡ ಕಾರ್ಖಾನೆಯಿಂದ ಅದೇ ಸರಣಿಯೊಂದಿಗೆ ಬಂದಿದೆ. ವಿಪಿಎನ್ ‘ಕನೆಕ್ಟೆಡ್’ ಎಂದು ಹಸಿರು ತೋರಿಸುತ್ತದೆ. ಆದರೆ ಕಚೇರಿಯ 192.168.1.20ನ್ನು ಕರೆದಾಗ, ಆ ವಿಳಾಸ ತನ್ನ ಮನೆಯ ಜಾಲದಲ್ಲೇ ಇದೆಯೆಂದು ಲ್ಯಾಪ್‌ಟಾಪ್ ತಿಳಿಯುತ್ತದೆ. ಕಳುಹಿಸಿದ ದತ್ತಾಂಶದ ಪ್ಯಾಕೆಟ್ ವಿಪಿಎನ್‌ನ ಸುರಂಗವನ್ನು ಹೊಗುವುದೇ ಇಲ್ಲ. ಅದೇ ವಿಳಾಸವಿರುವ ಮನೆಯ ಪ್ರಿಂಟರಿಗೋ ಟಿವಿಗೋ ಹೋಗಿ ಮುಟ್ಟಬಹುದು. ಪಿಂಗ್ ಮಾಡಿದರೆ, ಅಂದರೆ ಆ ವಿಳಾಸ ಓಗೊಡುತ್ತದೆಯೇ ಎಂದು ಕರೆದು ನೋಡಿದರೆ, ಉತ್ತರವೂ ಬರಬಹುದು, ಅದು ಬೇರೆ ಸಾಧನದ ಉತ್ತರ. ಇದೇ ಲ್ಯಾಪ್‌ಟಾಪ್ ಮೊಬೈಲ್ ಹಾಟ್‌ಸ್ಪಾಟ್ ಮೂಲಕ ಸರಾಗವಾಗಿ ಸಂಪರ್ಕ ಹೊಂದಿದರೆ ಅನುಮಾನ ಖಚಿತವಾಗುತ್ತದೆ. ಮನೆಯ ರೌಟರಿನ ಸರಣಿಯನ್ನು 192.168.57ರಂಥ ಅಪರೂಪದ ಅಂಕಿಗೆ ಬದಲಿಸಿದರೆ ತೊಂದರೆ ತೀರುತ್ತದೆ. ಹೊಸ ಕಚೇರಿ ಕಟ್ಟುವಾಗಲೇ ಸಾಮಾನ್ಯವಲ್ಲದ ಸರಣಿಯನ್ನು ಆರಿಸಿಕೊಂಡರೆ ನೂರಾರು ಮನೆಗಳ ರೌಟರ್‌ಗಳನ್ನು ಮುಟ್ಟುವ ಕೆಲಸ ತಪ್ಪುತ್ತದೆ.

ಪೋರ್ಟ್ ಪರೀಕ್ಷೆ

ಸಂಪರ್ಕ ತಪ್ಪಿದೊಡನೆ ಎಲ್ಲರೂ ಮೊದಲು ಮಾಡುವುದು ಪಿಂಗ್. ಮೈಕ್ ಮ್ಯೂಸ್ 1983ರಲ್ಲಿ ಬರೆದ ಈ ಪುಟ್ಟ ತಂತ್ರಾಂಶ ಇಂದಿಗೂ ಉಪಯುಕ್ತ. ಆದರೆ ಅದರ ಉತ್ತರವನ್ನು ಅತಿಯಾಗಿ ನಂಬಬಾರದು. ಉತ್ತರ ಬಂದರೆ ಆ ವಿಳಾಸದಲ್ಲಿ ಏನೋ ಒಂದು ಜೀವಂತವಾಗಿದೆ ಎಂದಷ್ಟೇ ತಿಳಿಯುತ್ತದೆ. ಉತ್ತರ ಬಾರದಿದ್ದರೆ ಯಂತ್ರ ಸತ್ತಿದೆ ಎಂದೂ ಹೇಳಲಾಗದು, ವಿಂಡೋಸ್ ಫೈರ್‌ವಾಲ್ ಅನೇಕ ಸಂದರ್ಭಗಳಲ್ಲಿ ಪಿಂಗ್‌ಗೆ ಉತ್ತರಿಸಲು ಬಿಡುವುದಿಲ್ಲ. ಬೇಕಾದ ಸೇವೆಯ ಪೋರ್ಟನ್ನೇ ತಟ್ಟಿ ನೋಡುವುದು ಸರಿಯಾದ ಪರೀಕ್ಷೆ. ಆರ್‌ಡಿಪಿಗೆ ಅದು 3389, ವಿಎನ್‌ಸಿಗೆ 5900. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಆಜ್ಞೆ ಇದಕ್ಕಾಗಿಯೇ ಇದೆ.

ಫಲಿತಾಂಶ ಮೂರು ಬಗೆಯಲ್ಲಿ ಬರುತ್ತದೆ, ಮತ್ತು ಪ್ರತಿಯೊಂದೂ ಬೇರೆ ಬೇರೆ ಜಾಗದತ್ತ ಕೈ ತೋರುತ್ತದೆ. ಪೋರ್ಟ್ ತೆರೆದಿದೆ ಎಂದರೆ ಜಾಲದ ಕೆಲಸ ಮುಗಿಯಿತು. ಇನ್ನು ಲಾಗಿನ್, ಪರವಾನಗಿ, ಪರದೆ ಇವುಗಳಲ್ಲಿ ಹುಡುಕಬೇಕು. ತಕ್ಷಣ ‘ನಿರಾಕರಿಸಲಾಗಿದೆ’ ಎಂದು ಬಂದರೆ ಪ್ಯಾಕೆಟ್ ಆಚೆ ಮುಟ್ಟಿದೆ, ಅಲ್ಲಿನ ಯಂತ್ರ ಉತ್ತರವನ್ನೂ ಕೊಟ್ಟಿದೆ, ಆದರೆ ಆ ಪೋರ್ಟಿನಲ್ಲಿ ಸೇವೆ ನಡೆಯುತ್ತಿಲ್ಲ: ರಿಮೋಟ್ ಸೌಲಭ್ಯ ಆಫ್ ಆಗಿರಬಹುದು, ಸೇವೆ ನಿಂತಿರಬಹುದು, ಯಾರೋ ಪೋರ್ಟ್ ಸಂಖ್ಯೆ ಬದಲಿಸಿರಬಹುದು. ಇಪ್ಪತ್ತು ಮೂವತ್ತು ಸೆಕೆಂಡು ಕಾದು ‘ಸಮಯ ಮೀರಿದೆ’ ಎಂದು ಬಂದರೆ ಪ್ಯಾಕೆಟನ್ನು ಯಾವುದೋ ಫೈರ್‌ವಾಲ್ ಸದ್ದಿಲ್ಲದೆ ಬಿಸಾಡಿದೆ, ಇಲ್ಲವೇ ಆ ವಿಳಾಸದಲ್ಲಿ ಯಾರೂ ಇಲ್ಲ. ನಿರಾಕರಣೆಗೂ ಮೌನಕ್ಕೂ ಇರುವ ಈ ವ್ಯತ್ಯಾಸವನ್ನು ಗಮನಿಸಿದವರು ಅರ್ಧ ದಾರಿ ಕ್ರಮಿಸಿದಂತೆ.

ಮೌನದ ಕಾರಣಗಳಲ್ಲಿ ಒಂದು ವಿಂಡೋಸ್‌ನಲ್ಲಿ ಪದೇ ಪದೇ ಕಾಣುತ್ತದೆ. ಹೊಸ ರೌಟರ್ ಹಾಕಿದಾಗ ಅಥವಾ ವೈಫೈ ಹೆಸರು ಬದಲಾದಾಗ ವಿಂಡೋಸ್ ಅದನ್ನು ಹೊಸ ಜಾಲವೆಂದು ತಿಳಿದು ‘ಪಬ್ಲಿಕ್’ ವರ್ಗಕ್ಕೆ ಸೇರಿಸಿಬಿಡುತ್ತದೆ. ಬಸ್ ನಿಲ್ದಾಣದ ವೈಫೈಗೆ ತಕ್ಕ ಬಿಗಿಯಾದ ಫೈರ್‌ವಾಲ್ ನಿಯಮಗಳು ಮನೆಯ ಜಾಲಕ್ಕೂ ಜಾರಿಯಾಗುತ್ತವೆ. ನಂಬಿಕೆಯ ಜಾಲವಾದರೆ ಅದನ್ನು ‘ಪ್ರೈವೇಟ್’ ಎಂದು ಬದಲಿಸಿದರೆ ಸಾಕು. ಫೈರ್‌ವಾಲನ್ನೇ ಆಫ್ ಮಾಡಿ ನೋಡುವ ಅಭ್ಯಾಸ ಕೆಟ್ಟದ್ದು. ಆಫ್ ಮಾಡಿದವರಲ್ಲಿ ಅನೇಕರು ಮತ್ತೆ ಆನ್ ಮಾಡುವುದನ್ನು ಮರೆಯುತ್ತಾರೆ.

ಮಧ್ಯಸ್ಥ ಸರ್ವರ್ ಬಳಸುವ ತಂತ್ರಾಂಶಗಳಲ್ಲಿ ಪರೀಕ್ಷೆಯ ದಿಕ್ಕು ತಿರುಗುತ್ತದೆ. ತಂತ್ರಾಂಶದ ಕಿಟಕಿಯಲ್ಲಿ ಗುರುತಿನ ಸಂಖ್ಯೆ ಮೂಡಿ ‘ಸಿದ್ಧ’ ಎಂದು ಕಾಣಿಸಿದರೆ ಆ ಯಂತ್ರ ಸರ್ವರನ್ನು ಮುಟ್ಟಿದೆ. ಕಾಣಿಸದಿದ್ದರೆ ಹೊರದಾರಿ ಮುಚ್ಚಿದೆ. ಟೀಮ್‌ವ್ಯೂವರ್ ಮೊದಲು 5938ನ್ನು, ಅದು ಸಿಗದಿದ್ದರೆ 443 ಮತ್ತು 80ನ್ನು ಬಳಸುತ್ತದೆ. ಜಾಲತಾಣಗಳು ತೆರೆಯುತ್ತಿದ್ದರೂ ಈ ತಂತ್ರಾಂಶಗಳು ಕೆಲಸ ಮಾಡದಿದ್ದರೆ, ಗೂಢಲಿಪಿಯ ಸಂಚಾರವನ್ನು ನಡುವೆ ಬಿಚ್ಚಿ ನೋಡುವ ಕಚೇರಿ ಪ್ರಾಕ್ಸಿಯನ್ನು ಅನುಮಾನಿಸಬೇಕು. ಎರಡೂ ಕಡೆಯ ಆವೃತ್ತಿಗಳನ್ನೂ ನೋಡಬೇಕು. 2024ರ ಫೆಬ್ರವರಿಯಲ್ಲಿ ತನ್ನ ಸರ್ವರ್‌ಗಳಿಗೆ ನುಸುಳುಕೋರರು ಹೊಕ್ಕಿದ್ದನ್ನು ಎನಿಡೆಸ್ಕ್ ಪ್ರಕಟಿಸಿ, ತಂತ್ರಾಂಶಕ್ಕೆ ಸಹಿ ಹಾಕುವ ಪ್ರಮಾಣಪತ್ರವನ್ನು ಬದಲಿಸಿ, ಹೊಸ ಆವೃತ್ತಿಗೆ ಬರುವಂತೆ ಬಳಕೆದಾರರಿಗೆ ಹೇಳಿತು.

ಆಚೆ ಯಂತ್ರದಲ್ಲಿ

ವಿಂಡೋಸ್ ಹೋಮ್ ಆವೃತ್ತಿಯ ಯಂತ್ರ ಬೇರೆಡೆಗೆ ಆರ್‌ಡಿಪಿ ಸಂಪರ್ಕ ಮಾಡಬಲ್ಲದು, ತಾನು ಸಂಪರ್ಕ ಸ್ವೀಕರಿಸಲಾರದು. ಅಂಗಡಿಯಲ್ಲಿ ಕೊಳ್ಳುವ ಎಷ್ಟೋ ಲ್ಯಾಪ್‌ಟಾಪ್‌ಗಳು ಹೋಮ್ ಆವೃತ್ತಿಯವೇ ಆಗಿರುವುದರಿಂದ ಆಚೆ ಯಂತ್ರದ ಬೇರಾವ ತನಿಖೆಗೂ ಮೊದಲು ಇದನ್ನು ನೋಡಿಕೊಳ್ಳಬೇಕು. ಎರಡನೆಯದು ನಿದ್ರೆ. ಮಲಗಿದ ಯಂತ್ರವನ್ನು ‘ವೇಕ್ ಆನ್ ಲ್ಯಾನ್’ ಎಂಬ ಸೌಲಭ್ಯದಿಂದ ಎಬ್ಬಿಸಬಹುದು, ಆದರೆ ಎಬ್ಬಿಸುವ ಆ ಪ್ಯಾಕೆಟ್ ಸಾಮಾನ್ಯವಾಗಿ ಅದೇ ಸ್ಥಳೀಯ ಜಾಲದೊಳಗಿಂದ ಹೋಗಬೇಕು. ದೂರದಿಂದ ನಿತ್ಯ ಬಳಸುವ ಯಂತ್ರದಲ್ಲಿ ನಿದ್ರೆಯನ್ನು ಆಫ್ ಮಾಡಿಡುವುದೇ ವಾಸಿ.

ಲಾಗಿನ್ ಹಂತದ ದೋಷಗಳಲ್ಲಿ ಪಿನ್‌ನ ಗೊಂದಲ ಹೆಚ್ಚು. ದಿನವೂ ನಾಲ್ಕಂಕಿಯ ಪಿನ್ ಒತ್ತಿ ಯಂತ್ರ ತೆರೆಯುವವರಿಗೆ ನಿಜವಾದ ಪಾಸ್‌ವರ್ಡ್ ಮರೆತೇಹೋಗಿರುತ್ತದೆ. ಪಿನ್ ಆ ಯಂತ್ರಕ್ಕಷ್ಟೇ ಸೀಮಿತ. ಆರ್‌ಡಿಪಿಗೆ ಖಾತೆಯ ಪಾಸ್‌ವರ್ಡೇ ಬೇಕು. ಪಾಸ್‌ವರ್ಡ್ ಇಲ್ಲದ ಖಾತೆಗಳನ್ನು ವಿಂಡೋಸ್ ಸಾಮಾನ್ಯವಾಗಿ ದೂರದಿಂದ ಒಳಬಿಡುವುದಿಲ್ಲ. ಕಚೇರಿಯ ಡೊಮೇನ್‌ನಲ್ಲಿ ಗಡಿಯಾರವೂ ಲೆಕ್ಕಕ್ಕೆ ಬರುತ್ತದೆ. ಕರ್ಬೆರೋಸ್ ಎಂಬ ಗುರುತು ಪರೀಕ್ಷೆಯ ವಿಧಾನ ಎರಡು ಯಂತ್ರಗಳ ಗಡಿಯಾರಗಳ ನಡುವೆ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಸಹಿಸುವುದಿಲ್ಲ. ಮದರ್‌ಬೋರ್ಡಿನ ಬ್ಯಾಟರಿ ಸತ್ತ ಹಳೆಯ ಕಂಪ್ಯೂಟರ್ ಕರೆಂಟ್ ಹೋಗಿ ಬಂದಮೇಲೆ ಲಾಗಿನ್ ನಿರಾಕರಿಸಿದರೆ ಮೊದಲು ಅದರ ತಾರೀಖನ್ನು ನೋಡಬೇಕು.

ಭದ್ರತಾ ತಿದ್ದುಪಡಿಯೇ ಸಂಪರ್ಕ ತಪ್ಪಿಸಿದ ಪ್ರಸಿದ್ಧ ಪ್ರಕರಣ 2018ರದು. ಆರ್‌ಡಿಪಿಯಲ್ಲಿ ಗುರುತಿನ ವಿವರಗಳನ್ನು ಸಾಗಿಸುವ ಕ್ರೆಡ್‌ಎಸ್‌ಎಸ್‌ಪಿ ಎಂಬ ಭಾಗದಲ್ಲಿ ಲೋಪ ಪತ್ತೆಯಾಗಿ, ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ತಿದ್ದುಪಡಿ ಹೊರಡಿಸಿತು. ಮೇ ತಿಂಗಳ ಅಪ್‌ಡೇಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಿದ್ದುಪಡಿಯಾಗದ ಸರ್ವರ್‌ಗಳೊಂದಿಗೆ ಮಾತಾಡದಂತೆ ಈಚೆ ಯಂತ್ರಗಳಿಗೆ ಕಟ್ಟುಹಾಕಿತು. ನೌಕರರ ಲ್ಯಾಪ್‌ಟಾಪ್‌ಗಳು ತಾವಾಗಿ ಅಪ್‌ಡೇಟ್ ಆದವು, ಸರ್ವರ್‌ಗಳು ಹಳೆಯ ಸ್ಥಿತಿಯಲ್ಲೇ ಇದ್ದವು. ಹಿಂದಿನ ದಿನ ಸರಿಯಿದ್ದ ಸಂಪರ್ಕಗಳು ಮರುದಿನ ದೋಷಸಂದೇಶ ತೋರಿದವು. ಈಚೆ ಯಂತ್ರದ ಒಂದು ನೀತಿಯನ್ನು ಸಡಿಲಿಸಿ ಅಪಾಯದ ಸ್ಥಿತಿಗೆ ಮರಳುವುದು ಬಾಯಿಂದ ಬಾಯಿಗೆ ಹರಡಿದ ಪರಿಹಾರ. ಸರ್ವರನ್ನು ಅಪ್‌ಡೇಟ್ ಮಾಡುವುದೇ ಸರಿಯಾದ ಪರಿಹಾರವಾಗಿತ್ತು. ಸಡಿಲಿಕೆಯನ್ನು ಒಂದು ದಿನದ ಮಟ್ಟಿಗೆ, ಸರ್ವರ್ ಸರಿಪಡಿಸಲು ಒಳಹೋಗುವುದಕ್ಕಾಗಿ ಮಾತ್ರ ಬಳಸಬಹುದಿತ್ತು. ಸಡಿಲಿಸಿ ಸುಮ್ಮನಾದವರು ಲೋಪವನ್ನು ಹಾಗೇ ಉಳಿಸಿಕೊಂಡರು.

ವಿಂಡೋಸ್ ಸರ್ವರಿನಲ್ಲಿ ಆಡಳಿತದ ಕೆಲಸಕ್ಕೆ ಒಮ್ಮೆಗೆ ಎರಡು ಸಂಪರ್ಕಗಳಷ್ಟೇ ಉಚಿತ. ಹೆಚ್ಚಿನ ಬಳಕೆದಾರರಿಗಾಗಿ ರಿಮೋಟ್ ಡೆಸ್ಕ್‌ಟಾಪ್ ಸೇವೆಯನ್ನು ಅಳವಡಿಸಿದರೆ 120 ದಿನಗಳ ಗಡುವು ಸಿಗುತ್ತದೆ. ಪರವಾನಗಿ ಸರ್ವರ್ ಇಡದೆ ಗಡುವು ದಾಟಿದ ದಿನ ಲಾಗಿನ್ ನಿಲ್ಲುತ್ತದೆ. ನಾಲ್ಕು ತಿಂಗಳು ತೊಂದರೆಯಿಲ್ಲದೆ ನಡೆದ ವ್ಯವಸ್ಥೆ ಒಂದು ಬೆಳಿಗ್ಗೆ ಏಕಾಏಕಿ ನಿಂತರೆ ಜಾಲವನ್ನು ದೂರುವ ಮೊದಲು ಈ ಲೆಕ್ಕ ಹಾಕಬೇಕು.

ಸಂಪರ್ಕ ಸಿಕ್ಕಿ ಪರದೆ ಕಾಣದಾಗ

ಲಾಗಿನ್ ಆದಮೇಲೆ ಕಪ್ಪು ಪರದೆಯಷ್ಟೇ ಕಾಣುವುದು ಇನ್ನೊಂದು ದೂರು. ಇಲ್ಲಿ ಜಾಲ ಬಹುಮಟ್ಟಿಗೆ ನಿರ್ದೋಷಿ. ಆಚೆ ಯಂತ್ರದ ಡಿಸ್‌ಪ್ಲೇ ಡ್ರೈವರ್, ಸ್ಥಗಿತಗೊಂಡ ಹಳೆಯ ಸೆಷನ್, ಅಥವಾ ಈಚೆ ಯಂತ್ರ ಉಳಿಸಿಟ್ಟುಕೊಂಡ ಹಳೆಯ ಚಿತ್ರಗಳ ಸಂಗ್ರಹ ಕಾರಣವಾಗಿರಬಹುದು. ಕಂಟ್ರೋಲ್, ಆಲ್ಟ್, ಎಂಡ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆಚೆ ಯಂತ್ರದ ಭದ್ರತಾ ಪರದೆ ಬರುತ್ತದೆ. ಅದು ಬಂದರೆ ಸೆಷನ್ ಬದುಕಿದೆ ಎಂದು ತಿಳಿದು ಅಲ್ಲಿಂದ ಸೈನ್‌ಔಟ್ ಆಗಿ ಮತ್ತೆ ಒಳಬರಬಹುದು.

ದೂರದಿಂದ ಸಹಾಯ ಮಾಡುವಾಗ ವಿಂಡೋಸ್ ಅನುಮತಿ ಕೇಳುವ ಕ್ಷಣದಲ್ಲಿ ಮಾತ್ರ ಪರದೆ ಹೆಪ್ಪುಗಟ್ಟುವುದುಂಟು. ಆ ಪ್ರಶ್ನೆ ಬೇರೆಯದೇ ಆದ ಸುರಕ್ಷಿತ ಪರದೆಯಲ್ಲಿ ಮೂಡುತ್ತದೆ. ಸಹಾಯದ ತಂತ್ರಾಂಶವನ್ನು ಸರಿಯಾಗಿ ಅಳವಡಿಸದೆ ಸುಮ್ಮನೆ ಡೌನ್‌ಲೋಡ್ ಮಾಡಿ ನಡೆಸಿದ್ದರೆ ಅದಕ್ಕೆ ಆ ಪರದೆಯನ್ನು ನೋಡುವ ಅಧಿಕಾರವಿಲ್ಲ. ಆಚೆ ಕೂತವರು ‘ಯೆಸ್’ ಒತ್ತಿದರೆ ಚಿತ್ರ ಮರಳುತ್ತದೆ. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾ ಆವೃತ್ತಿಯಿಂದೀಚೆಗೆ ಪರದೆ ದಾಖಲಿಸಲು ಪ್ರತ್ಯೇಕ ಅನುಮತಿ ಕೊಡಬೇಕು, ಕೊಡದಿದ್ದರೆ ಬರೀ ಹಿನ್ನೆಲೆ ಚಿತ್ರ ಕಾಣಬಹುದು. ಲಿನಕ್ಸ್‌ನಲ್ಲಿ ಎಕ್ಸ್ ವ್ಯವಸ್ಥೆಯ ಜಾಗಕ್ಕೆ ಬಂದಿರುವ ವೇಲ್ಯಾಂಡ್ ಒಂದು ತಂತ್ರಾಂಶ ಇನ್ನೊಂದರ ಕಿಟಕಿಯನ್ನು ಕೇಳದೆ ನೋಡಲು ಬಿಡುವುದಿಲ್ಲ. ಅಲ್ಲಿ ಹಳೆಯ ರಿಮೋಟ್ ತಂತ್ರಾಂಶಗಳು ಸೋಲುವುದು ದೋಷದಿಂದಲ್ಲ, ಆ ವ್ಯವಸ್ಥೆ ಬೇಕೆಂದೇ ಹಾಕಿಕೊಂಡ ಕಟ್ಟುಪಾಡಿನಿಂದ. ಲಿನಕ್ಸ್‌ಗೆ ಆರ್‌ಡಿಪಿ ಸೇವೆ ಒದಗಿಸುವ ಎಕ್ಸ್‌ಆರ್‌ಡಿಪಿ ಬಳಸುವವರು ಅದೇ ಖಾತೆಯಲ್ಲಿ ಯಂತ್ರದ ಮುಂದೆಯೂ ಲಾಗಿನ್ ಆಗಿದ್ದರೆ ಕಪ್ಪು ಪರದೆ ಬರುವುದು ಸಾಮಾನ್ಯ. ಅಲ್ಲಿ ಲಾಗ್‌ಔಟ್ ಮಾಡಿದರೆ ಸರಿಹೋಗುತ್ತದೆ.

ನಿಧಾನ ಮತ್ತು ಕಡಿತ

ಮೌಸ್ ಎಳೆದ ಎಷ್ಟೋ ಹೊತ್ತಿನ ಮೇಲೆ ಬಾಣ ಸರಿಯುತ್ತದೆ ಎಂಬ ದೂರಿಗೆ ಜನ ಮೊದಲು ಕೇಳುವುದು ಹೆಚ್ಚು ಎಂಬಿಪಿಎಸ್‌ನ ಪ್ಲಾನ್. ರಿಮೋಟ್ ಡೆಸ್ಕ್‌ಟಾಪಿಗೆ ವೇಗಕ್ಕಿಂತ ವಿಳಂಬ ಮುಖ್ಯ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ನೇರ ಅಂತರವೇ ಸುಮಾರು 14,000 ಕಿಲೋಮೀಟರ್; ಹೋಗಿ ಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕು. ಸಮುದ್ರದಡಿಯ ಕೇಬಲ್‌ಗಳು ನೇರ ಗೆರೆಯಲ್ಲಿ ಸಾಗುವುದಿಲ್ಲವಾದ್ದರಿಂದ ನಿಜವಾದ ವಿಳಂಬ 200 ಮಿಲಿಸೆಕೆಂಡ್ ದಾಟುತ್ತದೆ. ಕ್ಯಾಲಿಫೋರ್ನಿಯಾದ ಸರ್ವರಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ಎಂಜಿನಿಯರಿಗೆ ಯಾವ ಪ್ಲಾನ್ ಕೊಂಡರೂ ಈ ವಿಳಂಬ ತಪ್ಪದು. ಕಡತಗಳನ್ನು ಇಲ್ಲೇ ತಿದ್ದಿ ಕಳುಹಿಸುವುದು, ಚಿತ್ರಪರದೆಯ ಬದಲು ಬರೀ ಪಠ್ಯದ ಆಜ್ಞೆಗಳಲ್ಲಿ ಕೆಲಸ ಮಾಡುವ ಎಸ್‌ಎಸ್‌ಎಚ್ ಬಳಸುವುದು, ಹತ್ತಿರದ ಡೇಟಾ ಕೇಂದ್ರದ ಸರ್ವರ್ ಕೇಳುವುದು ಇವೇ ಉಪಾಯಗಳು.

ತಪ್ಪಿಸಬಹುದಾದ ವಿಳಂಬವೂ ಇದೆ. ಮನೆಯಲ್ಲಿ ಯಾರೋ ಫೋಟೋಗಳನ್ನು ಅಪ್‌ಲೋಡ್ ಮಾಡತೊಡಗಿದೊಡನೆ ಆಚೆಯ ಪರದೆ ತಡವರಿಸಿದರೆ, ರೌಟರ್ ತನ್ನ ದೊಡ್ಡ ಸಾಲಿನಲ್ಲಿ ಪ್ಯಾಕೆಟ್‌ಗಳನ್ನು ಪೇರಿಸಿಟ್ಟು ಎಲ್ಲರನ್ನೂ ಕಾಯಿಸುತ್ತಿದೆ. ತನ್ನ ಮನೆಯ ಸಂಪರ್ಕದಲ್ಲೇ ಇದನ್ನು ಕಂಡು, ಬೆನ್ನುಹತ್ತಿ ಪರಿಶೀಲಿಸಿ, 2010ರ ಹೊತ್ತಿಗೆ ಬಫರ್‌ಬ್ಲೋಟ್ ಎಂಬ ಹೆಸರಿನಲ್ಲಿ ಜಗತ್ತಿನ ಗಮನಕ್ಕೆ ತಂದವರು ಎಕ್ಸ್ ವಿಂಡೋ ಕಟ್ಟಿದ ಅದೇ ಜಿಮ್ ಗೆಟಿಸ್. ಸಾಲನ್ನು ಜಾಣತನದಿಂದ ನಿರ್ವಹಿಸುವ ಸೌಲಭ್ಯ ಈಗ ಹಲವು ರೌಟರ್‌ಗಳಲ್ಲಿದೆ. ಪರೀಕ್ಷೆಗೆ ಒಂದು ಕಡೆ ದೊಡ್ಡ ಕಡತ ಅಪ್‌ಲೋಡ್ ಮಾಡುತ್ತಾ ಇನ್ನೊಂದು ಕಡೆ ಪಿಂಗ್ ಓಡಿಸಿದರೆ ಸಾಕು. ವಿಳಂಬ 20 ಮಿಲಿಸೆಕೆಂಡಿನಿಂದ ಕೆಲವು ನೂರಕ್ಕೆ ಏರಿದರೆ ರೋಗ ಅದೇ.

2020ರ ಮಾರ್ಚ್‌ನ ಲಾಕ್‌ಡೌನ್ ಬೆಂಗಳೂರಿನ ಐಟಿ ನೌಕರರನ್ನು ಒಮ್ಮೆಲೇ ಮನೆಗೆ ಕಳುಹಿಸಿದಾಗ ಈ ದೋಷಗಳೆಲ್ಲ ಒಟ್ಟಿಗೆ ಬೆಳಕಿಗೆ ಬಂದವು. ಊರುಗಳಿಗೆ ಮರಳಿದವರು ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೆಲಸ ಮಾಡಬೇಕಾಯಿತು. ಮೊಬೈಲ್ ಜಾಲದಲ್ಲಿ ವಿಳಂಬ ಕ್ಷಣಕ್ಷಣಕ್ಕೂ ಏರಿಳಿಯುವುದರಿಂದ ಪರದೆ ಒಮ್ಮೆ ನಿಂತು ಒಮ್ಮೆ ಓಡುತ್ತದೆ. ಬಣ್ಣದ ಸಾಂದ್ರತೆ ಇಳಿಸುವುದು, ಹಿನ್ನೆಲೆ ಚಿತ್ರ ಮತ್ತು ಅನಿಮೇಷನ್ ತೆಗೆಯುವುದು, ಪರದೆಯ ಗಾತ್ರ ಕಿರಿದು ಮಾಡುವುದು ಇಂಥಲ್ಲಿ ನಿಜವಾಗಿ ನೆರವಾಗುತ್ತದೆ.

ಲಾಗಿನ್ ಆದೊಡನೆ ಅಥವಾ ದೊಡ್ಡ ಚಿತ್ರ ಬಂದೊಡನೆ ಸಂಪರ್ಕ ಸ್ತಬ್ಧವಾಗುವುದು, ಆದರೆ ಪಿಂಗ್ ಮಾತ್ರ ಸರಾಗವಾಗಿರುವುದು ಎಂಟಿಯು (ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ದೋಷದ ಲಕ್ಷಣ. ಈಥರ್ನೆಟ್ ಒಂದು ಪ್ಯಾಕೆಟ್ಟಿನಲ್ಲಿ 1500 ಬೈಟ್ ಒಯ್ಯುತ್ತದೆ. ಪಿಪಿಪಿಒಇ ಸಂಪರ್ಕದಲ್ಲಿ ಅದು 1492ಕ್ಕೆ ಇಳಿಯುತ್ತದೆ, ವಿಪಿಎನ್ ಸೇರಿದರೆ ಇನ್ನೂ ಕಡಿಮೆ. ‘ಪ್ಯಾಕೆಟ್ ದೊಡ್ಡದಾಯಿತು’ ಎಂದು ಹಿಂದಕ್ಕೆ ತಿಳಿಸುವ ಸಂದೇಶವನ್ನು ನಡುವಿನ ಫೈರ್‌ವಾಲ್ ತಡೆದರೆ ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ಮಾಯವಾಗುತ್ತವೆ. ತುಂಡರಿಸಬಾರದು ಎಂಬ ಷರತ್ತಿನೊಡನೆ 1472 ಬೈಟ್‌ನಿಂದ ಇಳಿಯುತ್ತಾ ಪಿಂಗ್ ಮಾಡಿದರೆ ದಾಟುವ ಗಾತ್ರ ಸಿಗುತ್ತದೆ; ಅದಕ್ಕೆ ಶಿರೋನಾಮೆಯ 28 ಬೈಟ್ ಕೂಡಿಸಿ ವಿಪಿಎನ್‌ನ ಎಂಟಿಯು ಇಳಿಸಬೇಕು. ಸುಮ್ಮನೆ ಬಿಟ್ಟಾಗ ಮಾತ್ರ ಕಡಿದುಹೋಗುವ ಸಂಪರ್ಕಕ್ಕೆ ಕಾರಣ ಬೇರೆ: ಸದ್ದಿಲ್ಲದ ಸಂಪರ್ಕವನ್ನು ರೌಟರಿನ ನ್ಯಾಟ್ ಪಟ್ಟಿ ಮರೆತುಬಿಡುತ್ತದೆ. ಕೀಪ್‌ಅಲೈವ್ ಆನ್ ಮಾಡಿದರೆ ನಿಯತವಾಗಿ ಪುಟ್ಟ ಪ್ಯಾಕೆಟ್ ಹೋಗಿ ದಾರಿ ತೆರೆದಿರುತ್ತದೆ. 2012ರಿಂದ ಆರ್‌ಡಿಪಿ ಯುಡಿಪಿಯನ್ನೂ ಬಳಸುತ್ತದೆ. ಕೆಲವು ವಿಪಿಎನ್‌ಗಳೊಳಗೆ ಇದರಿಂದಲೇ ಪರದೆ ಸ್ಥಗಿತವಾಗುವುದುಂಟು. ಈಚೆ ಯಂತ್ರದ ನೀತಿಯಲ್ಲಿ ಯುಡಿಪಿ ಆಫ್ ಮಾಡಿ ನೋಡಿದರೆ ಅದು ಹೌದೋ ಅಲ್ಲವೋ ತಿಳಿಯುತ್ತದೆ.

ಕನ್ನಡ ಟೈಪಿಂಗ್

ಆರ್‌ಡಿಪಿ ಸಾಮಾನ್ಯವಾಗಿ ಅಕ್ಷರಗಳನ್ನು ಕಳುಹಿಸುವುದಿಲ್ಲ, ಯಾವ ಕೀಲಿ ಒತ್ತಲಾಯಿತು ಎಂಬುದನ್ನು ಕಳುಹಿಸುತ್ತದೆ. ಆ ಕೀಲಿಗೆ ಯಾವ ಅಕ್ಷರ ಎಂದು ತೀರ್ಮಾನಿಸುವುದು ಆಚೆ ಯಂತ್ರ. ಆದ್ದರಿಂದ ನುಡಿ ಅಥವಾ ಬರಹದಂಥ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಈಚೆ ಯಂತ್ರದಲ್ಲಿ ಮಾತ್ರ ಹಾಕಿಕೊಂಡು ಆಚೆಯ ಕಡತದಲ್ಲಿ ಟೈಪ್ ಮಾಡಿದರೆ ಇಂಗ್ಲಿಷ್ ಅಕ್ಷರಗಳೋ ಗೋಜಲೋ ಮೂಡುವುದು ಸಹಜ. ಎರಡೂ ಕಡೆ ಚಾಲೂ ಇದ್ದರೆ ಒಂದೇ ಕೀಲಿಯನ್ನು ಎರಡು ತಂತ್ರಾಂಶಗಳು ಹಿಡಿಯಲು ಹೋಗಿ ಅಕ್ಷರಗಳು ಇಮ್ಮಡಿಯಾಗಬಹುದು. ಕನ್ನಡದ ಕೀಲಿಮಣೆ ತಂತ್ರಾಂಶವನ್ನು ಆಚೆ ಯಂತ್ರದಲ್ಲಿ ಅಳವಡಿಸಿ, ಈಚೆ ಕಡೆ ಆಫ್ ಮಾಡಿ, ಸೆಷನ್ ಆರಂಭಿಸುವ ಮೊದಲು ಈಚೆಯ ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿಟ್ಟರೆ ಕೆಲಸ ಸಲೀಸು.

ಯೂನಿಕೋಡ್ ಅಲ್ಲದ ಹಳೆಯ ಆನ್ಸಿ ನುಡಿ ಕಡತಗಳಿಗೆ ಬೇಕಾದ ಫಾಂಟ್ ಆಚೆ ಯಂತ್ರದಲ್ಲಿರಬೇಕು. ಪರದೆ ಸಿದ್ಧವಾಗುವುದು ಅಲ್ಲೇ ಆದ್ದರಿಂದ ಈಚೆ ಫಾಂಟ್ ಇದ್ದು ಉಪಯೋಗವಿಲ್ಲ. ಅಂಥ ಪಠ್ಯವನ್ನು ಬರೀ ಪಠ್ಯವಾಗಿ ಈಚೆಗೆ ಪೇಸ್ಟ್ ಮಾಡಿದರೆ ಫಾಂಟಿನ ಗುರುತು ಕಳಚಿ ಇಂಗ್ಲಿಷ್ ಚಿಹ್ನೆಗಳು ಉಳಿಯುತ್ತವೆ. ಯೂನಿಕೋಡ್ ಪಠ್ಯಕ್ಕೆ ಈ ಕಷ್ಟವಿಲ್ಲ. ಯಾವ ಪಠ್ಯವೂ ಪೇಸ್ಟ್ ಆಗದಿದ್ದರೆ ಆಚೆ ವಿಂಡೋಸ್‌ನಲ್ಲಿ ಆರ್‌ಡಿಪಿಕ್ಲಿಪ್ ಎಂಬ ಪ್ರಕ್ರಿಯೆಯನ್ನು ನಿಲ್ಲಿಸಿ ಮತ್ತೆ ಆರಂಭಿಸುವುದು ಮದ್ದು.

ಸುರಕ್ಷತೆ

ಸಂಪರ್ಕ ಸಿಗಲಿಲ್ಲವೆಂಬ ಅವಸರದಲ್ಲಿ ಮಾಡುವ ದುರಸ್ತಿಗಳೇ ಈ ಕ್ಷೇತ್ರದ ದೊಡ್ಡ ಹಾನಿಗಳಿಗೆ ದಾರಿಮಾಡಿವೆ. ಪೋರ್ಟ್ ಫಾರ್ವರ್ಡಿಂಗ್ ಮೂಲಕ 3389ನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದರೆ ಸ್ವಯಂಚಾಲಿತ ಶೋಧಕಗಳು ಬೇಗನೆ ಅದನ್ನು ಕಂಡುಹಿಡಿದು ಪಾಸ್‌ವರ್ಡ್ ಊಹಿಸತೊಡಗುತ್ತವೆ. ಪೋರ್ಟ್ ಸಂಖ್ಯೆ ಬದಲಿಸಿದರೆ ಸದ್ದು ಕಡಿಮೆಯಾಗುತ್ತದೆ, ರಕ್ಷಣೆ ಸಿಗುವುದಿಲ್ಲ. ಕಡತಗಳನ್ನು ಬಂಧಿಸಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಗುಂಪುಗಳು ಒಳನುಗ್ಗುವ ಮುಖ್ಯ ದಾರಿಗಳಲ್ಲಿ ಇದೂ ಒಂದು. 2019ರ ಮೇ ತಿಂಗಳಲ್ಲಿ ಬಯಲಾದ ಬ್ಲೂಕೀಪ್ ಲೋಪಕ್ಕಂತೂ ಪಾಸ್‌ವರ್ಡ್ ಕೂಡ ಬೇಕಿರಲಿಲ್ಲ. ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಕೊಡಬೇಕಾಯಿತು. ವಿಪಿಎನ್ ಅಥವಾ ಗೇಟ್‌ವೇ ಹಿಂದೆ ಇಡುವುದು, ಎರಡು ಹಂತದ ಗುರುತು ಕೇಳುವುದು, ಜಾಲಮಟ್ಟದ ಗುರುತು ಪರೀಕ್ಷೆಯನ್ನು ಆಫ್ ಮಾಡದಿರುವುದು ಇವನ್ನು ಅನುಕೂಲಕ್ಕಾಗಿ ಬಿಟ್ಟುಕೊಡಬಾರದು.

ತಂತ್ರಾಂಶದಲ್ಲಿ ಲೋಪವಿಲ್ಲದಿದ್ದರೂ ಮೋಸ ನಡೆಯುತ್ತದೆ. 2019ರ ಫೆಬ್ರವರಿಯಲ್ಲಿ ಭಾರತೀಯ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಹೆಸರೆತ್ತಿ ಬ್ಯಾಂಕುಗಳಿಗೆ ಎಚ್ಚರಿಕೆ ನೀಡಿತು: ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡುವವರು ಆ ಆ್ಯಪ್ ಹಾಕಿಸಿ, ಪರದೆಯಲ್ಲಿ ಮೂಡಿದ ಸಂಖ್ಯೆ ಕೇಳಿ ಪಡೆದು, ಫೋನನ್ನೇ ವಶಕ್ಕೆ ತೆಗೆದುಕೊಂಡು ಹಣ ಎತ್ತುತ್ತಿದ್ದರು. ತಾನಾಗಿ ಕರೆ ಮಾಡಿ ಇಂಥ ಆ್ಯಪ್ ಹಾಕಿಕೊಳ್ಳಿ ಎನ್ನುವವರಿಗೆ ಸಂಖ್ಯೆ ಕೊಡಲೇಬಾರದು. ಕೊಟ್ಟಾಗಿದ್ದರೆ ತಕ್ಷಣ ವೈಫೈ ಮತ್ತು ಮೊಬೈಲ್ ಡೇಟಾ ಎರಡನ್ನೂ ಕಡಿದು, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೂ ತಿಳಿಸಬೇಕು.

ದೂರದಿಂದಲೇ ದುರಸ್ತಿ

ದಾಖಲೆಗಳು ಆಚೆ ಯಂತ್ರದಲ್ಲೇ ಇರುತ್ತವೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ 4625 ಎಂಬ ಸಂಖ್ಯೆ ವಿಫಲ ಲಾಗಿನ್ ಅನ್ನು ಸೂಚಿಸುತ್ತದೆ. ಟರ್ಮಿನಲ್ ಸರ್ವಿಸಸ್‌ನ ಸೆಷನ್ ದಾಖಲೆಯಲ್ಲಿ 21 ಲಾಗಿನ್, 24 ಕಡಿತ, 25 ಮರುಸಂಪರ್ಕ. ಕರೆ ಬಂದ ಸಮಯಕ್ಕೆ ಅಲ್ಲಿ ಯಾವ ಗುರುತೂ ಇಲ್ಲದಿದ್ದರೆ ಪ್ಯಾಕೆಟ್ ಆ ಯಂತ್ರವನ್ನು ಮುಟ್ಟಿಯೇ ಇಲ್ಲವೆಂದು ಅಂದಾಜಿಸಿ, ಹುಡುಕಾಟವನ್ನು ಜಾಲದತ್ತ ತಿರುಗಿಸಬಹುದು. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅದನ್ನು ಬರೆದಿಟ್ಟುಕೊಂಡು, ಫಲ ಕೊಡದಿದ್ದರೆ ಹಿಂದಿನಂತೆ ಮಾಡಿ ಮುಂದೆ ಹೋಗಬೇಕು.

ಆಚೆ ಯಂತ್ರದ ಫೈರ್‌ವಾಲ್, ಐಪಿ ವಿಳಾಸ ಅಥವಾ ನೆಟ್‌ವರ್ಕ್ ಡ್ರೈವರನ್ನು ರಿಮೋಟ್ ಸೆಷನ್‌ನೊಳಗಿಂದಲೇ ಬದಲಿಸುವುದು ಕೂತ ಕೊಂಬೆಯನ್ನೇ ಕಡಿದಂತೆ. ‘ಅಪ್ಲೈ’ ಒತ್ತಿದ ಕ್ಷಣ ಸಂಪರ್ಕ ಹೋದರೆ ಮತ್ತೆ ಒಳಹೋಗಲು ದಾರಿಯಿಲ್ಲ. ಅನುಭವಿ ಆಡಳಿತಗಾರರು ಬದಲಾವಣೆಗೆ ಮೊದಲು, ಹತ್ತು ನಿಮಿಷದ ನಂತರ ಹಳೆಯ ಸ್ಥಿತಿಗೆ ಮರಳಿಸುವ ಒಂದು ನಿಗದಿತ ಕೆಲಸವನ್ನು ಆ ಯಂತ್ರದಲ್ಲೇ ಇಟ್ಟಿರುತ್ತಾರೆ. ಹೊಸ ಸೆಟ್ಟಿಂಗ್‌ನೊಂದಿಗೆ ಮತ್ತೆ ಲಾಗಿನ್ ಆಗಲು ಸಾಧ್ಯವಾದರೆ ಮಾತ್ರ ಅದನ್ನು ರದ್ದುಮಾಡುತ್ತಾರೆ. ಸರ್ವರ್‌ಗಳಲ್ಲಿ ಇದಕ್ಕೂ ಮಿಗಿಲಾದ ಏರ್ಪಾಡಿರುತ್ತದೆ. ಐಪಿಎಂಐಯಂಥ ಮಾನದಂಡವನ್ನು ಅನುಸರಿಸುವ ಪ್ರತ್ಯೇಕ ಪುಟ್ಟ ನಿಯಂತ್ರಕ ತನ್ನದೇ ಜಾಲ ಸಂಪರ್ಕದ ಮೂಲಕ ಯಂತ್ರವನ್ನು ಆನ್, ಆಫ್ ಮಾಡುತ್ತದೆ; ಅನೇಕ ಸರ್ವರ್‌ಗಳಲ್ಲಿ ಆಪರೇಟಿಂಗ್ ಸಿಸ್ಟಮ್ ಏಳದಿದ್ದಾಗಲೂ ಪರದೆಯನ್ನು ತೋರಿಸುತ್ತದೆ. ಸಾಮಾನ್ಯ ಕಂಪ್ಯೂಟರಿಗೂ ಈ ಶಕ್ತಿ ಕೊಡುವ ಕೆವಿಎಂ ಸಾಧನಗಳಿವೆ. ರಾಸ್ಪ್‌ಬೆರಿ ಪೈ ಬಳಸಿ ಕಟ್ಟುವ ಪೈಕೆವಿಎಂ ಅವುಗಳಲ್ಲೊಂದು. ಅದು ಆಚೆ ಯಂತ್ರದ ಎಚ್‌ಡಿಎಂಐ ತಂತಿಯಿಂದ ಚಿತ್ರ ಪಡೆದು, ಯುಎಸ್‌ಬಿ ತಂತಿಯಿಂದ ಕೀಲಿಮಣೆಯಂತೆ ವರ್ತಿಸುವುದರಿಂದ ಬಯಾಸ್ ಪುಟದವರೆಗೂ ದೂರದಿಂದಲೇ ಹೋಗಬಹುದು.